ತಾತನ ಕಿರುಬೆರಳು ಮತ್ತು 61 ಕೀಲಿಗಳು

ಕಳೆದ ವರ್ಷ ಆಷಾಢದಲ್ಲಿ ನಮ್ಮ ಮನೆಯ ತಾತನಿಗೆ, ಎಂದರೆ ನನ್ನ ತಂದೆಗೆ, ಲಘುವಾಗಿ ಪಾರ್ಶ್ವವಾಯು ಬಡಿಯಿತು. ತಡಮಾಡದೆ ಆಸ್ಪತ್ರೆಗೆ ಸೇರಿಸಿದ್ದರಿಂದ ಮಾತು ಮರಳಿತು, ನಡಿಗೆಯೂ ಮರಳಿತು. ಎಡಗೈ ಮಾತ್ರ ಪೂರ್ತಿ ಹಿಡಿತಕ್ಕೆ ಬರಲಿಲ್ಲ. ಅದರಲ್ಲೂ ಕಿರುಬೆರಳು ಹೇಳಿದ ಮಾತು ಕೇಳುತ್ತಿರಲಿಲ್ಲ.

ಕಿರುಬೆರಳು ಕೇಳದಿದ್ದರೆ ಏನು ಮಹಾ ಎನ್ನಬೇಡಿ. ತಾತ ತಾಲ್ಲೂಕು ಕಚೇರಿಯಲ್ಲಿ ಬೆರಳಚ್ಚುಗಾರರಾಗಿದ್ದವರು. 'ಎ ಎಸ್ ಡಿ ಎಫ್, ಸೆಮಿಕೋಲನ್ ಎಲ್ ಕೆ ಜೆ' ಎಂದು ಟೈಪಿಂಗ್ ಶಾಲೆಯಲ್ಲಿ ಬೆರಳು ಪಳಗಿಸಿಕೊಂಡ ಪೀಳಿಗೆ ಅವರದು. ನಿವೃತ್ತಿಯ ನಂತರ ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ತಾವೇ ಕಲಿತರು. ಅವರು ಓದಿದ ಹಳ್ಳಿ ಶಾಲೆಗೆ ನೂರು ವರ್ಷ ತುಂಬುತ್ತಿತ್ತು. ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡುತ್ತೇನೆ, ಸಂಕ್ರಾಂತಿಯೊಳಗೆ ತಲುಪಿಸುತ್ತೇನೆ ಎಂದು ಮಾತು ಕೊಟ್ಟಿದ್ದರು. ನಾಲ್ಕು ಪುಟ ಆಗಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಐದನೆಯ ಪುಟಕ್ಕೆ ಕೂತವರು ಹತ್ತು ನಿಮಿಷದಲ್ಲಿ ಎದ್ದುಬಿಟ್ಟರು.

"ಶಿಫ್ಟ್ ಒತ್ತೋಕೆ ಆಗ್ತಿಲ್ಲ ಕಣಮ್ಮ. ಬಿಡು, ನಾಲ್ಕು ಪುಟಾನೇ ಕಳಿಸೋಣ" ಎಂದರು.

ಕನ್ನಡ ಬರೆಯುವವರಿಗೆ ಶಿಫ್ಟ್ ಕೀಲಿ ಎಷ್ಟು ಬೇಕು ಎಂಬುದು ನನಗೆ ಆ ದಿನ ಗೊತ್ತಾಯಿತು. ಇಂಗ್ಲಿಷಿನಲ್ಲಿ ವಾಕ್ಯದ ಮೊದಲಿಗೆ, ಊರು ಹೆಸರುಗಳಿಗೆ ದೊಡ್ಡಕ್ಷರ ಬಂದರೆ ಮುಗಿಯಿತು. ನಮ್ಮದು ಹಾಗಲ್ಲ. ಕಿನ್ನಿಕಂಬಳ ಪದ್ಮನಾಭ ರಾಯರು, ಎಲ್ಲರಿಗೂ ಕೆ. ಪಿ. ರಾವ್ ಎಂದು ಪರಿಚಿತರು, ನಮ್ಮ ವರ್ಣಮಾಲೆಯನ್ನು ಇಂಗ್ಲಿಷಿನ 26 ಕೀಲಿಗಳಲ್ಲಿ ಕೂರಿಸುವ ಜಾಣ ದಾರಿ ಕಂಡುಕೊಂಡರು. 'ನುಡಿ' ತಂತ್ರಾಂಶದಲ್ಲಿ ಇರುವುದೂ ಆ ದಾರಿಯ ವಿನ್ಯಾಸವೇ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದರೆ ಖ. ಎಲ್ ಒತ್ತಿದರೆ ಲ, ಶಿಫ್ಟ್ ಸೇರಿದರೆ ಳ. ಎನ್‌ನಲ್ಲಿ ನ ಮತ್ತು ಣ. ದೀರ್ಘ ಸ್ವರಗಳೂ ಶಿಫ್ಟ್‌ನಲ್ಲೇ, ಸೊನ್ನೆಯೂ ಶಿಫ್ಟ್‌ನಲ್ಲೇ. ಎಫ್ ಕೀಲಿ ಒತ್ತಿದರೆ ಅಕ್ಷರ ಅರ್ಧವಾಗಿ ಮುಂದಿನದಕ್ಕೆ ಒತ್ತಾಗಿ ಸೇರುತ್ತದೆ. 'ಶಾಲೆಯ ಗೋಡೆ' ಎಂದು ಬರೆದು ನೋಡಿ. 9 ಅಕ್ಷರ ಕೀಲಿಗಳಲ್ಲಿ 3ಕ್ಕೆ ಶಿಫ್ಟ್ ಬೇಕು.

ಬಲಗಡೆಯೂ ಒಂದು ಶಿಫ್ಟ್ ಇದೆಯಲ್ಲ ಎಂದು ನಾನು ಕೇಳಿದೆ. ಟೈಪಿಂಗ್ ಕಲಿತವರ ಕಟ್ಟಳೆ ಬೇರೆ. ಬಲಗೈ ಅಕ್ಷರಕ್ಕೆ ಎಡ ಶಿಫ್ಟ್, ಎಡಗೈ ಅಕ್ಷರಕ್ಕೆ ಬಲ ಶಿಫ್ಟ್. ಓ, ಎಲ್, ಎನ್, ಎಂ ಎಲ್ಲ ಬಲಗೈಯವು. ಒಂದೇ ಕೈಯಲ್ಲಿ ಕಿರುಬೆರಳಿನಿಂದ ಶಿಫ್ಟ್ ಹಿಡಿದು ತೋರುಬೆರಳು ಚಾಚಿದರೆ ತಾತನ ಮಣಿಕಟ್ಟು ನೋಯುತ್ತಿತ್ತು.

ಒಂಬತ್ತನೇ ತರಗತಿಯ ನನ್ನ ಮಗಳು ಇದನ್ನೆಲ್ಲ ಕೇಳಿಸಿಕೊಳ್ಳುತ್ತಾ ಕೂತಿದ್ದಳು. "ತಾತ, ಶಿಫ್ಟ್ ಅಲ್ಲೇ ಇರಬೇಕು ಅಂತ ಯಾರು ಹೇಳಿದ್ದು?" ಎಂದಳು.

ಅವಳ ಗೆಳತಿಯ ಅಣ್ಣನ ಬಳಿ ಒಂದು ಪುಟ್ಟ ಕೀಲಿಮಣೆ ಇತ್ತು. ಬಿಡಿಭಾಗ ತರಿಸಿ ತಾನೇ ಬೆಸುಗೆ ಹಾಕಿ ಜೋಡಿಸಿದ್ದು. ಒಟ್ಟು 61 ಕೀಲಿ. ಹೊಸದೊಂದು ಮಾಡಿಕೊಂಡಿದ್ದರಿಂದ ಹಳೆಯದನ್ನು ಇವಳಿಗೆ ಕೊಟ್ಟುಬಿಟ್ಟಿದ್ದ. ಅದರ ಹೆಚ್ಚುಗಾರಿಕೆ ಎಂದರೆ, ಯಾವ ಕೀಲಿ ಯಾವ ಕೆಲಸ ಮಾಡಬೇಕು ಎಂಬುದನ್ನು ನಾವೇ ಬದಲಿಸಬಹುದು.

ಮಕ್ಕಳೇ, ಇಲ್ಲೊಂದು ವಿಷಯ ತಿಳಿದುಕೊಳ್ಳಿ. ಕೀಲಿಮಣೆಗೆ ಅಕ್ಷರವೇ ಗೊತ್ತಿಲ್ಲ! ಕೆ ಎಂದು ಬರೆದ ಕೀಲಿ ಒತ್ತಿದಾಗ ಅದು ಕಂಪ್ಯೂಟರಿಗೆ 'ಕೆ' ಎಂದು ಹೇಳುವುದಿಲ್ಲ. 14 ಎನ್ನುತ್ತದೆ, ಅಷ್ಟೇ. ಯುಎಸ್‌ಬಿ ಕೀಲಿಮಣೆಗಳಿಗೆಲ್ಲ ಒಂದೇ ಪಟ್ಟಿ. ಎ ಎಂದರೆ 4, ಬಿ ಎಂದರೆ 5, ಹೀಗೆ ಝಡ್ 29ರವರೆಗೆ. ಎಂಟರ್ 40, ಖಾಲಿ ಜಾಗದ ಉದ್ದ ಕೀಲಿ 44. ಜೊತೆಗೆ ಶಿಫ್ಟ್ ಒತ್ತಿದೆಯೇ ಇಲ್ಲವೇ ಎಂದು ಒಂದು ಷರಾ. 14 ಬಂದಾಗ ಪರದೆಯಲ್ಲಿ ಕೆ ಬರೆಯಬೇಕೋ ಕ ಬರೆಯಬೇಕೋ ಎಂಬುದನ್ನು ತೀರ್ಮಾನಿಸುವುದು ಕಂಪ್ಯೂಟರಿನೊಳಗಿನ 'ನುಡಿ'ಯಂಥ ತಂತ್ರಾಂಶ.

ಹಾಗಾದರೆ ಒತ್ತಿದ್ದು ಯಾವ ಕೀಲಿ ಎಂದು ಮಣೆಗೆ ಹೇಗೆ ತಿಳಿಯುತ್ತದೆ? 61 ಕೀಲಿಗೆ 61 ತಂತಿ ಎಳೆಯುವುದಿಲ್ಲ. ಪರೀಕ್ಷೆ ಹಾಲ್‌ನಲ್ಲಿ ಬೆಂಚುಗಳಿರುವಂತೆ 5 ಅಡ್ಡಸಾಲು, 14 ಉದ್ದಸಾಲು. ಒಟ್ಟು 19 ತಂತಿ ಸಾಕು. ಮಣೆಯೊಳಗಿನ ಚಿಪ್ ಒಂದೊಂದೇ ಸಾಲನ್ನು ಕರೆದು 'ಯಾರಾದರೂ ಎದ್ದಿದ್ದೀರಾ?' ಎಂದು ಕೇಳುತ್ತಾ ಹೋಗುತ್ತದೆ. ಸೆಕೆಂಡಿಗೆ ನೂರಾರು ಸಲ ಈ ಹಾಜರಿ ನಡೆಯುತ್ತದೆ. ಮೂರನೇ ಸಾಲಿನ ಎಂಟನೆಯವ ಎದ್ದಿದ್ದಾನೆ ಎಂದು ಗೊತ್ತಾದರೆ, ತನ್ನ ಬಳಿ ಇರುವ ಪಟ್ಟಿ ನೋಡಿ ಅವನ ಸಂಖ್ಯೆಯನ್ನು ಕಂಪ್ಯೂಟರಿಗೆ ಕಳಿಸುತ್ತದೆ. ಹಾಜರಿ ತೆಗೆಯುವ, ಪಟ್ಟಿ ನೋಡುವ ಈ ಪುಟ್ಟ ಪ್ರೋಗ್ರಾಮೇ ಫರ್ಮ್‌ವೇರ್. ಪಟ್ಟಿ ಬದಲಿಸಿದರೆ ಕೀಲಿಯ ಕೆಲಸ ಬದಲಾಗುತ್ತದೆ.

ಇವಳ ಮಣೆಯಲ್ಲಿದ್ದದ್ದು ಕ್ಯೂಎಂಕೆ ಎಂಬ ಫರ್ಮ್‌ವೇರ್. ಜುನ್ ವಾಕೊ ಎಂಬವರು ಬರೆದು ಎಲ್ಲರಿಗೂ ತೆರೆದಿಟ್ಟಿದ್ದ ಟಿಎಂಕೆಯನ್ನು ಜ್ಯಾಕ್ ಹಂಬರ್ಟ್ ಮುಂದುವರಿಸಿದರು. ಈಗ ಹಲವು ದೇಶಗಳ ಹವ್ಯಾಸಿಗಳು ಸೇರಿ ನೋಡಿಕೊಳ್ಳುತ್ತಾರೆ. ಯಾರು ಬೇಕಾದರೂ ತೆಗೆದುಕೊಂಡು ತಿದ್ದಬಹುದು, ದುಡ್ಡಿಲ್ಲ. ಇದೆಲ್ಲ ಕೂರುವ ಚಿಪ್‌ನ ಜಾಗ ಕೇವಲ 32 ಕಿಲೋಬೈಟ್. ನಿಮ್ಮ ಮನೆಯ ಮೊಬೈಲಿನಲ್ಲಿ ತೆಗೆದ ಒಂದು ಫೋಟೋಗೆ ಇದರ ಎಷ್ಟೋ ಪಟ್ಟು ಜಾಗ ಬೇಕು.

ಮಗಳು ಮೊದಲು ಮಾಡಿದ್ದು ಭಾರೀ ಉತ್ಸಾಹದ ಕೆಲಸ. ಶಿಫ್ಟ್ ಕೀಲಿಯೇ ಬೇಡ, ಅಕ್ಷರದ ಕೀಲಿಯನ್ನು ಸ್ವಲ್ಪ ಹೊತ್ತು ಅದುಮಿ ಹಿಡಿದರೆ ತಾನಾಗಿ ಶಿಫ್ಟ್ ಸೇರಿಕೊಳ್ಳಲಿ ಎಂದು. ಕ್ಯೂಎಂಕೆಯಲ್ಲಿ ಅಂಥ ಸೌಲಭ್ಯ ಸಿದ್ಧವಾಗಿಯೇ ಇದೆ, ಆಟೋ ಶಿಫ್ಟ್ ಎಂದು ಹೆಸರು. ತಟ್ಟನೆ ಒತ್ತಿ ಬಿಟ್ಟರೆ ಕ, 175 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿದರೆ ಖ. ಮಿಲಿಸೆಕೆಂಡ್ ಎಂದರೆ ಸೆಕೆಂಡಿನ ಸಾವಿರದ ಒಂದು ಭಾಗ. ತಾನು ಬರೆದು ನೋಡಿದಳು, ಸೊಗಸಾಗಿ ಬಂತು. ತಾತನನ್ನು ಕರೆದು ಕೂರಿಸಿದಳು.

ತಾತ 'ಕಮಲ' ಎಂದು ಬರೆದರು. ಪರದೆಯಲ್ಲಿ 'ಖಂಳ' ಬಂತು. 'ಕತೆ' ಎಂದರೆ 'ಖಥೇ'. 'ದನ' ಎಂದರೆ 'ಧಣ'. ಕಾಯಿಲೆಯ ನಂತರ ತಾತನ ಬೆರಳು ಕೀಲಿಯ ಮೇಲಿಂದ ಏಳುವುದೇ ನಿಧಾನ. ಅವರ ಪ್ರತಿ ಒತ್ತೂ ಮಣೆಯ ಲೆಕ್ಕದಲ್ಲಿ ಉದ್ದ ಒತ್ತೇ. "ನನ್ನ ಕನ್ನಡಕ್ಕೆ ಶೀತ ಆಗಿದೆಯಲ್ಲೇ ಪುಟ್ಟಿ!" ಎಂದು ತಾತ ನಕ್ಕರು. ಮಗಳು ನಗಲಿಲ್ಲ. 175ನ್ನು 300 ಮಾಡಿದಳು, 500 ಮಾಡಿದಳು. 500ಕ್ಕೆ 'ಕಮಲ' ಸರಿಹೋಯಿತು, ಆದರೆ ಬೇಕಾದ ದೀರ್ಘಕ್ಕೆ ಅರ್ಧ ಸೆಕೆಂಡು ಕಾಯಬೇಕು. ಒಂದು ಸಾಲು ಬರೆಯುವಷ್ಟರಲ್ಲಿ ತಾತನಿಗೆ ಏನು ಹೇಳಬೇಕೆಂದಿದ್ದೆ ಎಂಬುದೇ ಮರೆಯುತ್ತಿತ್ತು. ಮಗಳು ಅದನ್ನು ಪೂರ್ತಿ ತೆಗೆದುಹಾಕಿದಳು. ನನಗೆ ಅವಳ ಮೇಲೆ ಮೆಚ್ಚುಗೆ ಮೂಡಿದ್ದು ಆಗ. ಮಾಡಿದ್ದನ್ನು ಅಳಿಸಲು ದೊಡ್ಡವರಿಗೇ ಮನಸ್ಸು ಬರುವುದಿಲ್ಲ.

ಎರಡನೆಯ ಸಲ ಅವಳು ಮೊದಲು ತಾತನ ಪಕ್ಕದಲ್ಲಿ ಸುಮ್ಮನೆ ಕೂತು ಕೈ ನೋಡಿದಳು. ಬಲಗೈ ಹೆಬ್ಬೆರಳು ಚುರುಕಾಗಿತ್ತು. ಖಾಲಿ ಜಾಗದ ಉದ್ದ ಕೀಲಿಯ ಬಲಕ್ಕೆ ಆಲ್ಟ್ ಎಂಬ ಕೀಲಿ ಇದೆಯಲ್ಲ, ತಾತ ಅದನ್ನು ಬಳಸುವುದೇ ಇಲ್ಲ. ಅಲ್ಲಿಗೆ ಶಿಫ್ಟ್ ತಂದಳು. ಅದೂ ಮಾಮೂಲಿ ಶಿಫ್ಟ್ ಅಲ್ಲ. ಹಿಡಿದುಕೊಂಡಿರಬೇಕಿಲ್ಲ, ಒಮ್ಮೆ ತಟ್ಟಿ ಬಿಟ್ಟರೆ ಮುಂದಿನ ಒಂದು ಅಕ್ಷರಕ್ಕೆ ಮಾತ್ರ ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ಮರೆತುಬಿಡುತ್ತದೆ. 5 ಸೆಕೆಂಡಿನೊಳಗೆ ಯಾವ ಅಕ್ಷರವೂ ಬರದಿದ್ದರೆ ತಾನಾಗಿ ರದ್ದಾಗಲಿ ಎಂದೂ ಬರೆದಳು.

ಇಂಥದೇ ಸೌಕರ್ಯ ವಿಂಡೋಸ್ ಕಂಪ್ಯೂಟರಿನಲ್ಲೂ ಇದೆ. ಶಿಫ್ಟ್ 5 ಸಲ ಒತ್ತಿದರೆ ಬೇಕೇ ಎಂದು ಕೇಳುತ್ತದೆ. ಕೀಲಿ ಒತ್ತಿ ಹಿಡಿಯಲಾಗದ ಹಿರಿಯರು ಮನೆಯಲ್ಲಿದ್ದರೆ ಇವತ್ತೇ ಅದನ್ನು ಪ್ರಯತ್ನಿಸಬಹುದು, ಹೊಸ ಕೀಲಿಮಣೆ ಬೇಕಾಗಿಲ್ಲ. ಆದರೆ ಅದನ್ನು ಪ್ರತಿ ಕಂಪ್ಯೂಟರಿನಲ್ಲೂ ಹೊಂದಿಸಬೇಕು, ಶಿಫ್ಟ್ ಇರುವ ಜಾಗವೂ ಬದಲಾಗದು. ಫರ್ಮ್‌ವೇರಿನಲ್ಲಿ ಬರೆದದ್ದು ಮಣೆಯ ಜೊತೆಗೇ ಹೋಗುತ್ತದೆ. ತಾತ ಅದನ್ನು ಚೀಲದಲ್ಲಿಟ್ಟುಕೊಂಡು ನನ್ನ ಅಣ್ಣನ ಮನೆಗೆ ಹೋದರೂ ಅಲ್ಲಿನ ಕಂಪ್ಯೂಟರಿನಲ್ಲಿ 'ನುಡಿ' ಇದ್ದರೆ ಸಾಕು.

ಪಕ್ಕದ ಮನೆಯ ಹುಡುಗನೊಬ್ಬ ಕೇಳಿದ ಪ್ರಶ್ನೆ ಚೆನ್ನಾಗಿತ್ತು. ಮಣೆಗೇ ನೇರವಾಗಿ ಕನ್ನಡ ಕಲಿಸಿಬಿಟ್ಟರೆ 'ನುಡಿ'ಯೂ ಬೇಡವಲ್ಲ? ತೊಡಕು ಏನೆಂದರೆ ಮಣೆ ಕಳಿಸಬಲ್ಲ ಸಂಖ್ಯೆಗಳ ಪಟ್ಟಿಯಲ್ಲಿ ಕ, ಖಗಳೇ ಇಲ್ಲ. ಯೂನಿಕೋಡ್ ಎಂಬ ಇನ್ನೊಂದು ದೊಡ್ಡ ಪಟ್ಟಿಯಲ್ಲಿ ಇವೆ. ಅಲ್ಲಿ ಕ ಅಕ್ಷರದ ಗುರುತು ಸೊನ್ನೆ-ಸಿ-9-5. ಲಿನಕ್ಸ್ ಕಂಪ್ಯೂಟರಿಗೆ ಕಂಟ್ರೋಲ್, ಶಿಫ್ಟ್, ಯು ಮೂರನ್ನೂ ಒಟ್ಟಿಗೆ ಒತ್ತಿ ಆಮೇಲೆ ಆ ನಾಲ್ಕನ್ನು ಒತ್ತಿದಂತೆ ಮಣೆ ನಟಿಸಬಲ್ಲದು. ವಿಂಡೋಸ್‌ಗೆ ಬೇರೆ ನಾಟಕ, ಮ್ಯಾಕ್‌ಗೆ ಮತ್ತೊಂದು. ಮೂಗು ಹಿಡಿಯಲು ಕೈಯನ್ನು ತಲೆಯ ಹಿಂದಿನಿಂದ ತಂದಂತೆ. ಕನ್ನಡವನ್ನು ಕಂಪ್ಯೂಟರಿಗೇ ಬಿಡುವುದು ಒಳ್ಳೆಯದು.

ಶಿಫ್ಟ್ ಸರಿಹೋದ ಮೇಲೆ ತಾತ ದಿನಕ್ಕೆ ಅರ್ಧ ಪುಟ ಬರೆಯತೊಡಗಿದರು. ಒಂದು ದಿನ 'ಮನೆ' ಎಂದದ್ದು 'ಮನನೆ' ಆಯಿತು. ತಾತ ತಮ್ಮ ಕೈ ನಡುಗುತ್ತಿದೆ ಎಂದುಕೊಂಡು ಮಂಕಾದರು. ಮಗಳು ಅದೇ ಕೀಲಿಯನ್ನು ತಾನು ಒತ್ತಿದಳು. ಅವಳಿಗೂ ಎರಡೆರಡು ಸಲ ನ. "ನಿಮ್ಮ ಬೆರಳಲ್ಲ ತಾತ, ಇದರ ಸ್ವಿಚ್ಚು" ಎಂದಳು. ಸ್ವಿಚ್ಚಿನೊಳಗಿನ ಲೋಹದ ಎಸಳುಗಳು ತಾಗುವಾಗ ಒಂದೆರಡು ಬಾರಿ ಪುಟಿಯುತ್ತವೆ, ನೆಲಕ್ಕೆ ಬಿದ್ದ ಚೆಂಡಿನಂತೆ. ಅದು ನಿಲ್ಲುವವರೆಗೆ ಸ್ವಲ್ಪ ಕಾಯಬೇಕೆಂದು ಫರ್ಮ್‌ವೇರಿನಲ್ಲಿ ಬರೆದಿರುತ್ತದೆ, ಕ್ಯೂಎಂಕೆಯಲ್ಲಿ ಮೊದಲಿಂದ ಇರುವುದು 5 ಮಿಲಿಸೆಕೆಂಡ್. ಸವೆದ ಸ್ವಿಚ್ಚು ಹೆಚ್ಚು ಹೊತ್ತು ಪುಟಿಯುತ್ತದೆ. 5ನ್ನು 20 ಮಾಡಿದಾಗ ನ ಒಂದೇ ಆಯಿತು. ಸ್ವಿಚ್ಚನ್ನೇ ಬದಲಿಸುವುದು ಸರಿಯಾದ ಚಿಕಿತ್ಸೆ, ಅದನ್ನು ಆಮೇಲೆ ಮಾಡಿದಳು.

ತಾತನ ಇನ್ನೊಂದು ಬೇಡಿಕೆ ಎಫ್ ಕೀಲಿಯದು. ಕನ್ನಡದಲ್ಲಿ ಒತ್ತಕ್ಷರಗಳಿಗೆ ಲೆಕ್ಕವಿಲ್ಲ, ಪ್ರತಿಯೊಂದಕ್ಕೂ ಎಡ ತೋರುಬೆರಳು ಎಫ್ ಒತ್ತಬೇಕು. ಸಂಜೆಯ ಹೊತ್ತಿಗೆ ಎಡಗೈ ಸೋಲುತ್ತಿತ್ತು. ಬಲಗೈ ಕಿರುಬೆರಳಿನ ಕೆಳಗೇ ಇರುವ ಸೆಮಿಕೋಲನ್ ಕನ್ನಡದಲ್ಲಿ ಅಪರೂಪ. ಪಟ್ಟಿಯಲ್ಲಿ ಅದರ 51ನ್ನು ತೆಗೆದು ಎಫ್‌ನ 9 ಬರೆದರೆ ಆಯಿತು. ಒಂದೇ ಸಂಖ್ಯೆ ಎರಡು ಕಡೆ ಇರಬಾರದೆಂದೇನೂ ಇಲ್ಲ.

ಆಯಿತು ಎಂದುಕೊಂಡೆವು. ಭಾನುವಾರ ಅದೇ ಮಣೆಯಲ್ಲಿ ನಾನು ಕಚೇರಿಗೆ ಇಂಗ್ಲಿಷಿನಲ್ಲೊಂದು ಪತ್ರ ಬರೆದು, ತಿರುಗಿ ಓದದೆ ಕಳಿಸಿದೆ. ಸೆಮಿಕೋಲನ್ ಇರಬೇಕಾದ ಕಡೆಯೆಲ್ಲ ಎಫ್ ನಿಂತಿತ್ತು. ಸೋಮವಾರ ನಮ್ಮ ಮೇಲಧಿಕಾರಿ ಏನೆಂದರು ಎಂಬುದು ಇಲ್ಲಿ ಬೇಡ.

ಆಗ ಮಗಳು ಮಣೆಗೆ ಮಹಡಿ ಕಟ್ಟಿದಳು. ಫರ್ಮ್‌ವೇರಿನಲ್ಲಿ ಒಂದರ ಮೇಲೊಂದು ಪಟ್ಟಿ ಇಡಬಹುದು. ಮೇಲಿನ ಪಟ್ಟಿಯನ್ನು ಗಾಜಿನ ಹಾಳೆ ಎಂದುಕೊಳ್ಳಿ. ಅಲ್ಲಿ ಏನೂ ಬರೆಯದ ಕಡೆ ಕೆಳಗಿನದೇ ಕಾಣುತ್ತದೆ. ಕೆಳಗಿನ ಪಟ್ಟಿಯಲ್ಲಿ ಎಲ್ಲ ಮಾಮೂಲು. ಮೇಲಿನ ಗಾಜಿನ ಮೇಲೆ ಎರಡೇ ಗುರುತು, ಹೆಬ್ಬೆರಳಿಗೆ ಶಿಫ್ಟ್ ಮತ್ತು ಕಿರುಬೆರಳಿಗೆ ಎಫ್. ಕ್ಯಾಪ್ಸ್‌ಲಾಕ್ ಕೀಲಿ ಒತ್ತಿದರೆ ಗಾಜು ಬರುತ್ತದೆ, ಮತ್ತೆ ಒತ್ತಿದರೆ ಹೋಗುತ್ತದೆ. ಮಣೆಯ ತಂತಿ ಕಿತ್ತು ಚುಚ್ಚಿದಾಗ ಯಾವಾಗಲೂ ಕೆಳಗಿನ ಪಟ್ಟಿಯಿಂದಲೇ ಶುರು. ತಾತ ಬೆಳಿಗ್ಗೆ ಕೂತ ಕೂಡಲೇ ಕ್ಯಾಪ್ಸ್‌ಲಾಕ್ ಒಮ್ಮೆ ಒತ್ತುತ್ತಾರೆ, ಕಚೇರಿಯ ಬೀಗ ತೆಗೆದ ಹಾಗೆ.

ಹಳೆಯ ಗುಮಾಸ್ತರಲ್ಲವೇ, ಇಷ್ಟೂ ದಿನ ತಾತ ಸುಮ್ಮನಿರಲಿಲ್ಲ. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ವಹಿ ಮಾಡಿದ್ದರು. ಕ್ರಮಸಂಖ್ಯೆ, ತಾರೀಖು, ಯಾವ ಕೀಲಿ, ಮೊದಲು ಏನಿತ್ತು, ಈಗ ಏನು, ಕೊನೆಗೆ ಷರಾ. ಆಟೋ ಶಿಫ್ಟ್‌ನ ಮುಂದಿನ ಷರಾದಲ್ಲಿ 'ಕೈಬಿಡಲಾಗಿದೆ. ಕಾರಣ: ಬೆರಳು ನಿಧಾನ' ಎಂದು ಬರೆದಿದ್ದರು. ಮಗಳಿಗೆ ಇದು ತಮಾಷೆಯಾಗಿ ಕಾಣುತ್ತಿತ್ತು.

ದೀಪಾವಳಿಯ ಹೊತ್ತಿಗೆ ಅವಳ ಲ್ಯಾಪ್‌ಟಾಪ್ ಕೆಟ್ಟಿತು. ರಿಪೇರಿಗೆ ಕೊಟ್ಟದ್ದು ಒಳಗಿನದೆಲ್ಲ ಅಳಿಸಿಹೋಗಿ ಹಿಂದಿರುಗಿತು. ಅವಳು ತಿದ್ದಿ ಬರೆದಿದ್ದ ಪಟ್ಟಿಯ ಕಡತವೂ ಹೋಯಿತು. ಬೇರೆ ಕಡೆ ನಕಲು ಇಟ್ಟಿರಲಿಲ್ಲ. ಮಣೆ ಮಾತ್ರ ಎಂದಿನಂತೆ ಕೆಲಸ ಮಾಡುತ್ತಿತ್ತು, ಏಕೆಂದರೆ ಪಟ್ಟಿ ಚಿಪ್‌ನೊಳಗೆ ಇದೆಯಲ್ಲ. ಹಾಗಿದ್ದರೆ ಅಲ್ಲಿಂದಲೇ ವಾಪಸು ತೆಗೆಯಬಾರದೇ ಎಂದು ನಾನು ಕೇಳಿದೆ. ನಾವು ಓದಬಲ್ಲ ಹಾಗೆ ಬರೆದದ್ದನ್ನು ಚಿಪ್‌ಗೆ ತಿಳಿಯುವ ಹಾಗೆ ಬೇರೆ ರೂಪಕ್ಕೆ ತಿರುಗಿಸಿ ಒಳಗೆ ಹಾಕುತ್ತಾರೆ. ಅದನ್ನು ಮತ್ತೆ ಮೊದಲಿನ ಬರಹ ಮಾಡುವುದು ಬೆಂದ ಇಡ್ಲಿಯಿಂದ ಅಕ್ಕಿ, ಉದ್ದು ಬೇರೆ ಮಾಡಿದಂತೆ. ಇನ್ನು ಏನೇ ಬದಲಿಸಬೇಕಾದರೂ ಮೊದಲಿಂದ ಬರೆಯಬೇಕು. ಅದೇ ವಾರ ತಾತನ ಮಣೆಯ ಇನ್ನೊಂದು ಕೀಲಿ, ಬಲತುದಿಯ ಬ್ಯಾಕ್‌ಸ್ಪೇಸ್, ಸತ್ತುಹೋಯಿತು. ತಪ್ಪು ಅಳಿಸಲಾಗದೆ ಯಾರು ತಾನೇ ಬರೆಯುತ್ತಾರೆ? ಮನೆಯಲ್ಲಿ ಬದಲಿ ಸ್ವಿಚ್ಚು ಇರಲಿಲ್ಲ.

ತಾತ ಏನೂ ಹೇಳದೆ ವಹಿ ತಂದು ಮೇಜಿನ ಮೇಲಿಟ್ಟರು.

ಗೆಳತಿಯ ಅಣ್ಣನಿಂದ ಅವನ ಮೂಲ ಕಡತವನ್ನು ಮತ್ತೆ ತರಿಸಿಕೊಂಡು, ಹೊಸದಾಗಿ ಇಳಿಸಿಕೊಂಡ ಕ್ಯೂಎಂಕೆಯಲ್ಲಿ ಇಟ್ಟಳು. ಅದು ಒಪ್ಪಲೇ ಇಲ್ಲ. 'ರೀಸೆಟ್' ಎಂದರೆ ಏನೆಂದು ನನಗೆ ತಿಳಿಯದು ಎಂಬ ಅರ್ಥದ ಕೆಂಪು ಸಾಲು ಬಂತು. ಹೊಸ ಫರ್ಮ್‌ವೇರ್ ತುಂಬಿಸಿಕೊಳ್ಳಲು ಚಿಪ್ಪನ್ನು ಅಣಿಮಾಡುವ ಕೀಲಿಗೆ ಹಿಂದೆ ಆ ಹೆಸರಿತ್ತು. 2022ರಲ್ಲಿ ಅದಕ್ಕೆ 'ಕ್ಯೂಕೆ ಬೂಟ್' ಎಂದು ಹೊಸ ಹೆಸರಿಟ್ಟರು, ಕ್ರಮೇಣ ಹಳೆಯ ಹೆಸರನ್ನು ಕೈಬಿಟ್ಟರು. ಬೀದಿಗೆ ಹೊಸ ಹೆಸರಿಟ್ಟ ಮೇಲೆ ಹಳೆಯ ವಿಳಾಸದ ಕಾಗದ ಅಲೆದಾಡುತ್ತದಲ್ಲ, ಹಾಗೆ. ಹೆಸರು ಬದಲಿಸಿದಳು. ಈಗ ಇನ್ನೊಂದು ದೂರು ಬಂತು: 61 ಬೇಕು, 60 ಮಾತ್ರ ಇವೆ. ಬೆರಳಿಟ್ಟು ಎಣಿಸಿದ್ದು ತಾತ. ನಾಲ್ಕನೇ ಸಾಲಿನಲ್ಲಿ ಎರಡು ಕೀಲಿಗಳ ನಡುವೆ ಅಲ್ಪವಿರಾಮ ಬಿಟ್ಟುಹೋಗಿತ್ತು. "ಕರಡು ತಿದ್ದೋದು ನಮಗೆ ಹೊಸದಲ್ಲ" ಎಂದರು.

ವಹಿಯ ಒಂದೊಂದು ಸಾಲನ್ನು ತಾತ ಓದುತ್ತಾ ಹೋದರು, ಮಗಳು ಬರೆಯುತ್ತಾ ಹೋದಳು. ಸತ್ತ ಬ್ಯಾಕ್‌ಸ್ಪೇಸ್ ಕೆಲಸವನ್ನು ಅದರ ಕೆಳಗಿನ ಕೀಲಿಗೆ ವಹಿಸಿದಳು. ಮಣೆ ತಿರುಗಿಸಿ ಬೆನ್ನಿನ ಪುಟ್ಟ ಗುಂಡಿ ಒತ್ತಿದಳು. ಕೆಲವು ಸೆಕೆಂಡು ಮಣೆ ಸತ್ತಂತಿತ್ತು. ಮೂವರೂ ಉಸಿರು ಬಿಗಿಹಿಡಿದಿದ್ದೆವು. ಆಮೇಲೆ ತಾತ ಕ್ಯಾಪ್ಸ್‌ಲಾಕ್ ಒತ್ತಿ, ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಬಲಗೈಯೊಂದರಿಂದಲೇ 'ಹಳ್ಳಿ' ಎಂದು ಬರೆದರು. ಏಳು ಒತ್ತು. ಎಲ್ಲ ಕೀಲಿಯೂ ಬಲಗಡೆಯವೇ.

ಈಗ ಕಡತದ ನಕಲು ಮೂರು ಕಡೆ ಇದೆ. ಒಂದು ಲ್ಯಾಪ್‌ಟಾಪಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ. ಇನ್ನೊಂದನ್ನು ಕಾಗದದಲ್ಲಿ ಮುದ್ರಿಸಿ ತಾತ ವಹಿಯ ಹಿಂಬದಿಗೆ ಅಂಟಿಸಿದ್ದಾರೆ. ಕಡತದಲ್ಲಿ ಕೂಡ ಮಗಳು ಪ್ರತಿ ಬದಲಾವಣೆಯ ಪಕ್ಕದಲ್ಲಿ ಏಕೆ ಮಾಡಿದ್ದು ಎಂದು ಒಂದು ಸಾಲು ಬರೆಯುತ್ತಾಳೆ. ಎರಡು ಓರೆಗೆರೆ ಎಳೆದು ಮುಂದೆ ಬರೆದದ್ದನ್ನು ಚಿಪ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅದು ಮನುಷ್ಯರಿಗೆ.

ಲೇಖನ ಹನ್ನೊಂದು ಪುಟವಾಗಿ, ಸಂಕ್ರಾಂತಿಗೆ ಎರಡು ದಿನ ಮೊದಲು ಹೋಯಿತು. ವಹಿಯಲ್ಲಿ ಈಚಿನ ನಮೂದು 14ನೆಯದು. ಬ್ಯಾಕ್‌ಸ್ಪೇಸ್‌ಗೆ ಹೊಸ ಸ್ವಿಚ್ಚು ಕೂರಿಸಿ, ಅದರ ಕೆಲಸವನ್ನು ಹಳೆಯ ಜಾಗಕ್ಕೇ ಮರಳಿಸಲಾಗಿದೆ. ಷರಾ ಕಾಲಮ್ಮಿನಲ್ಲಿ ತಾತನ ಕೈಬರಹ, ಎಡಗೈಯಿಂದ ನೋಟ್‌ಬುಕ್ ಒತ್ತಿ ಹಿಡಿದು ಬರೆದದ್ದು: 'ಪುಟ್ಟಿ ತಾನೇ ಬೆಸುಗೆ ಹಾಕಿದಳು. ಪರಿಶೀಲಿಸಿದೆ, ಸರಿ ಇದೆ.'